ನೂರು ಆಟ ಸಾಲದು

ನೂರು ಆಟ ಮುಗಿದಿವೆ. ಮೊದಲನೆಯ ಪ್ರೋಗ್ರಾಂ 35 ಗೆದ್ದಿದೆ, 25 ಸೋತಿದೆ, ಉಳಿದ 40 ಡ್ರಾ. ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ ಎಂದು ಕೂಡಿದರೆ 55ಕ್ಕೆ 45. ಯಾವುದು ಬಲಶಾಲಿ ಎಂದು ದಾರಿಹೋಕರನ್ನು ಕೇಳಿದರೂ ಮೊದಲನೆಯದೇ ಎನ್ನುತ್ತಾರೆ. ಮನೆಯ ಕಂಪ್ಯೂಟರಿನಲ್ಲಿ ಚದುರಂಗ ಆಡುವ ಇಂಥ ಪ್ರೋಗ್ರಾಂಗಳನ್ನು, ಅಂದರೆ ಎಂಜಿನ್‌ಗಳನ್ನು, ಒಂದಕ್ಕೊಂದು ಎದುರುಬದುರು ಕೂರಿಸಿ ಪರೀಕ್ಷಿಸುವ ಹವ್ಯಾಸಿಗಳನ್ನು ಕೇಳಿ ನೋಡಿ. ಇನ್ನೂ ಗೊತ್ತಾಗಿಲ್ಲ, ಆಟ ನಡೆಯಲಿ ಎನ್ನುತ್ತಾರೆ.

ಅವರ ಮಾತಿಗೆ ಲೆಕ್ಕದ ಆಧಾರವಿದೆ. ಎರಡೂ ಪ್ರೋಗ್ರಾಂ ಸಮಬಲದವೇ ಎಂದು ಇಟ್ಟುಕೊಳ್ಳೋಣ. ಡ್ರಾಗಳನ್ನು ಬದಿಗಿಟ್ಟರೆ ಸೋಲು ಗೆಲುವು ಇತ್ಯರ್ಥವಾದದ್ದು 60 ಆಟಗಳಲ್ಲಿ. ಒಂದು ನಾಣ್ಯವನ್ನು 60 ಸಲ ಚಿಮ್ಮಿ, ಆ ಅರವತ್ತರ ಸರದಿಯನ್ನು ಮತ್ತೆ ಮತ್ತೆ ನಡೆಸಿದರೆ, ಸುಮಾರು ಎಂಟು ಸರದಿಗೊಮ್ಮೆ ಹೆಡ್ಸ್ 35 ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುತ್ತದೆ. ನಾಣ್ಯದಲ್ಲಿ ಏನೂ ದೋಷವಿರುವುದಿಲ್ಲ. ಹಾಗೆಯೇ ಆ ಹತ್ತು ಆಟಗಳ ಮುನ್ನಡೆಯೂ ಬರೀ ಅದೃಷ್ಟದ್ದಿರಬಹುದು. 1997ರಲ್ಲಿ ಡೀಪ್ ಬ್ಲೂ ಎಂಬ ಐಬಿಎಂ ಯಂತ್ರ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿದಾಗ ಜಗತ್ತೇ ಬೆರಗಾಯಿತು. ಆ ಪಂದ್ಯದಲ್ಲಿ ನಡೆದದ್ದು ಆರೇ ಆಟ: ಯಂತ್ರಕ್ಕೆ ಎರಡು, ಮನುಷ್ಯನಿಗೆ ಒಂದು, ಮೂರು ಡ್ರಾ. ಚರಿತ್ರೆಗೆ ಅಷ್ಟು ಸಾಕು. ಅಳತೆಗೆ ಏನೇನೂ ಸಾಲದು.

ನಾನು ಇಲ್ಲಿ ಪರಿಚಯಿಸುತ್ತಿರುವುದು ಈ ಅಳತೆಯ ಕಸುಬನ್ನು. ಇದಕ್ಕೆ ಪ್ರಯೋಗಾಲಯ ಬೇಡ, ದೊಡ್ಡ ಹಣ ಬೇಡ. ಲಕ್ಷ್ಮಣತೀರ್ಥದ ದಂಡೆಯ ನಮ್ಮ ಹನಗೋಡಿನಂಥ ಊರಿನ ಮನೆಯೊಂದರಲ್ಲಿ, ಮಕ್ಕಳ ಓದಿಗೆಂದು ತಂದ ಸಾಧಾರಣ ಕಂಪ್ಯೂಟರಿನಲ್ಲಿ, ಜಗತ್ತಿನ ಅತಿ ಬಲಿಷ್ಠ ಆಟಗಾರರ ನಡುವೆ ಪಂದ್ಯ ಏರ್ಪಡಿಸಬಹುದು. ಬೇಕಾದ ತಂತ್ರಾಂಶವೆಲ್ಲ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಗದ್ದು ತಾಳ್ಮೆ ಮಾತ್ರ.

ಇಂದು ಚದುರಂಗ ಕಲಿಯುವ ಪ್ರತಿ ಮಗುವಿನ ಮೊಬೈಲಿನಲ್ಲೂ ಒಂದು ಎಂಜಿನ್ ಇದೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ನಮ್ಮ ಮೈಸೂರಿನವರು. 2017ರಲ್ಲಿ ಅವರಿಗೆ ಆ ಪದವಿ ಬಂದ ಮೇಲೆ ಈ ಕಡೆಯ ಹುಡುಗ ಹುಡುಗಿಯರಲ್ಲಿ ಆಟದ ಆಸೆ ಇನ್ನಷ್ಟು ಕುದುರಿದೆ. ಟೂರ್ನಮೆಂಟಿನಿಂದ ಬಂದವರೇ ತಮ್ಮ ಆಟವನ್ನು ಎಂಜಿನ್ನಿಗೆ ಉಣಿಸುತ್ತಾರೆ. ಅದು ಪಕ್ಕದಲ್ಲಿ ಒಂದು ಅಂಕಿ ತೋರಿಸುತ್ತದೆ: ಪ್ಲಸ್ 0.8, ಅಂದರೆ ಬಿಳಿಗೆ ಹತ್ತಿರ ಹತ್ತಿರ ಒಂದು ಕಾಲಾಳಿನಷ್ಟು ಮೇಲುಗೈ. ಮಕ್ಕಳು ಅದನ್ನು ಪ್ರಶ್ನಿಸದೆ ನಂಬುತ್ತಾರೆ, ತರಬೇತುದಾರರೂ ನಂಬುತ್ತಾರೆ. ಆ ನಂಬಿಕೆಗೆ ಯೋಗ್ಯವಾಗುವ ಮಟ್ಟಕ್ಕೆ ಎಂಜಿನ್ ಬೆಳೆದದ್ದು, ಅದರ ಒಂದೊಂದು ಸಣ್ಣ ಬದಲಾವಣೆಯನ್ನೂ ಸಾವಿರಾರು ಆಟ ಆಡಿಸಿ ನೋಡಿದವರಿಂದ.

ಈ ಬಗೆಯ ಪರೀಕ್ಷೆಗೆ ದಾರಿ ತೋರಿದವರಲ್ಲಿ ಕೆನ್ ಥಾಂಪ್ಸನ್ ಒಬ್ಬರು. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದ ಅದೇ ಥಾಂಪ್ಸನ್. ಬೆಲ್ ಎಂಬ ತಮ್ಮ ಚದುರಂಗದ ಯಂತ್ರವನ್ನು 1980ರ ದಶಕದ ಆರಂಭದಲ್ಲಿ ಅವರು ಅದರೊಂದಿಗೇ ಆಡಿಸಿದರು. ಒಂದು ಕಡೆಯದು ಇಷ್ಟು ನಡೆ ಮುಂದಕ್ಕೆ ನೋಡುತ್ತದೆ ಎಂದರೆ, ಎದುರಿನದು ಒಂದು ನಡೆ ಹೆಚ್ಚು ನೋಡುತ್ತದೆ. ಬೇರೆ ಎಲ್ಲವೂ ಒಂದೇ. ಒಂದು ನಡೆ ಹೆಚ್ಚು ಕಂಡದ್ದಕ್ಕೆ ಎಷ್ಟು ಬಲ ಕೂಡಿತು ಎಂಬುದು ಅಂಕಿಯಲ್ಲಿ ಸಿಕ್ಕಿತು: ಆಗಿನ ಆಳಗಳಲ್ಲಿ ಸುಮಾರು 200 ರೇಟಿಂಗ್ ಅಂಕ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದನ್ನು ಮಾತ್ರ ಬದಲಿಸಿ ಮಿಕ್ಕದ್ದನ್ನೆಲ್ಲ ಕಟ್ಟಿಹಾಕುವುದು ಇಂದಿಗೂ ಈ ಕಸುಬಿನ ಮೊದಲ ಪಾಠ.

ಅದೇ ಕಾಲಕ್ಕೆ ಸ್ವೀಡನ್ನಿನಲ್ಲಿ ಹವ್ಯಾಸಿಗಳು ಸಂಘ ಕಟ್ಟಿದ್ದರು. ಎಸ್‌ಎಸ್‌ಡಿಎಫ್ ಎಂದು ಹೆಸರಾದ ಈ ಚದುರಂಗ ಕಂಪ್ಯೂಟರ್ ಸಂಘ 1984ರಿಂದ ರೇಟಿಂಗ್ ಪಟ್ಟಿ ಪ್ರಕಟಿಸುತ್ತ ಬಂತು. ಆಗ ಮಾರಾಟಕ್ಕಿದ್ದದ್ದು ಚದುರಂಗಕ್ಕೆಂದೇ ಮಾಡಿದ ಪೆಟ್ಟಿಗೆಯಂಥ ಯಂತ್ರಗಳು. ಎರಡನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಒಂದು ತೋರಿಸಿದ ನಡೆಯನ್ನು ಕೈಯಾರೆ ಇನ್ನೊಂದರ ಮೇಲೆ ಒತ್ತಿ, ಅದರ ಉತ್ತರವನ್ನು ಮತ್ತೆ ಮೊದಲನೆಯದಕ್ಕೆ ಒತ್ತಬೇಕು. 40 ನಡೆಗೆ ಎರಡು ಗಂಟೆಯ ಲೆಕ್ಕದಲ್ಲಿ ಒಂದು ಆಟಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಕಂಪನಿಗಳು ತಮ್ಮ ಪೆಟ್ಟಿಗೆಯ ಮೇಲೆ ಬಾಯಿಗೆ ಬಂದ ರೇಟಿಂಗ್ ಅಚ್ಚು ಹಾಕುತ್ತಿದ್ದ ದಿನಗಳಲ್ಲಿ, ಸಂಬಳವಿಲ್ಲದೆ ಗುಂಡಿ ಒತ್ತುತ್ತ ಕೂತ ಈ ಜನರ ಪಟ್ಟಿಯೇ ಕೊಳ್ಳುವವರಿಗೆ ಆಸರೆಯಾಯಿತು. ಮುಂದೆ ಎರಡು ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಬೆಸೆದು ತಾವಾಗಿ ಆಡಿಸುವ ಉಪಾಯ ಬಂತು. ವರ್ಷಗಳ ಅವಧಿಯಲ್ಲಿ ಅವರ ಪಟ್ಟಿಯ ಹಿಂದಿನ ಆಟಗಳು ಲಕ್ಷ ದಾಟಿದವು. ಮೊದಲ ದಿನಗಳ ಆ ಬೆರಳುಗಳನ್ನು ನೆನೆದರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಈಗ ಒಂದೇ ಕಂಪ್ಯೂಟರಿನಲ್ಲಿ ಎಲ್ಲವೂ ನಡೆಯುತ್ತದೆ. 2000ದಲ್ಲಿ ಸ್ಟೆಫಾನ್ ಮೆಯರ್-ಕಾಲೆನ್ ಮತ್ತು ರುಡಾಲ್ಫ್ ಹ್ಯೂಬರ್ ರೂಪಿಸಿದ ಯುಸಿಐ ಎಂಬ ಸಂಭಾಷಣೆಯ ಕ್ರಮವನ್ನು ಹೆಚ್ಚುಕಡಿಮೆ ಎಲ್ಲ ಎಂಜಿನ್‌ಗಳೂ ಪಾಲಿಸುತ್ತವೆ. ಎಂಜಿನ್ನಿಗೆ ಹಾಸೂ ಇಲ್ಲ, ಕಾಯಿಯೂ ಇಲ್ಲ. ಪಂದ್ಯ ನಡೆಸುವ ತಂತ್ರಾಂಶ ಅದಕ್ಕೆ ಒಂದೆರಡು ಸಾಲು ಬರೆದು ಕಳಿಸುತ್ತದೆ: ಆಟ ಮೊದಲಿನಿಂದ ಹೀಗೆ ಸಾಗಿದೆ, ಬಿಳಿಗೆ ಇಷ್ಟು ಮಿಲಿಸೆಕೆಂಡು ಉಳಿದಿದೆ, ಕಪ್ಪಿಗೆ ಇಷ್ಟು, ಯೋಚಿಸು. ಎಂಜಿನ್ ಯೋಚಿಸಿ ಒಂದು ಸಾಲು ವಾಪಸು ಕಳಿಸುತ್ತದೆ: ಬೆಸ್ಟ್‌ಮೂವ್ ಜಿ1ಎಫ್3. ಜಿ1 ಮನೆಯ ಕುದುರೆ ಎಫ್3ಕ್ಕೆ ಹಾರಿತು ಎಂದರ್ಥ. ಅರೀನಾ, ಕ್ಯೂಟ್‌ಚೆಸ್‌ನಂಥ ತಂತ್ರಾಂಶಗಳು ಈ ಅಂಚೆಯ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತವೆ, ಗಡಿಯಾರ ನೋಡಿಕೊಳ್ಳುತ್ತವೆ, ಮುಗಿದ ಆಟವನ್ನು ಕಡತಕ್ಕೆ ಬರೆದಿಡುತ್ತವೆ.

ಇಷ್ಟೆಲ್ಲ ಯಂತ್ರವೇ ಮಾಡುವಾಗ ಮನುಷ್ಯನಿಗೆ ಏನು ಕೆಲಸ? ನ್ಯಾಯ ಕಾಯುವ ಕೆಲಸ. ಪರೀಕ್ಷಕನ ಜಾಣ್ಮೆಯೆಲ್ಲ ಇರುವುದು ಅಲ್ಲಿ.

ಇದು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದಂಥ ಕಡೆ ಹೊಸ ತಳಿಯನ್ನು ಹಳೆಯದರ ಜೊತೆ ಹೋಲಿಸುವಾಗ, ಒಂದನ್ನು ಕೆರೆ ಕೆಳಗಿನ ಫಲವತ್ತಾದ ಹೊಲದಲ್ಲೂ ಇನ್ನೊಂದನ್ನು ದಿಣ್ಣೆಯ ಕಲ್ಲುನೆಲದಲ್ಲೂ ನೆಟ್ಟು ತೀರ್ಪು ಕೊಡುವುದಿಲ್ಲ. ಒಂದೇ ಹೊಲವನ್ನು ಸಣ್ಣ ಪ್ಲಾಟುಗಳಾಗಿ ಮಾಡಿ, ಎರಡೂ ತಳಿಯನ್ನು ಹಲವು ಕಡೆ ಮತ್ತೆ ಮತ್ತೆ ನೆಟ್ಟು, ಮಣ್ಣಿನ ಗುಣ ಯಾರ ಪರವೂ ವಾಲದಂತೆ ನೋಡಿಕೊಳ್ಳುತ್ತಾರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1920ರ ದಶಕದಲ್ಲಿ ಆರ್.ಎ. ಫಿಶರ್ ಕಟ್ಟಿಕೊಟ್ಟ ಪದ್ಧತಿ ಇದು. ಚದುರಂಗದ ಪರೀಕ್ಷಕರು ಅದನ್ನೇ 64 ಮನೆಯ ಹೊಲಕ್ಕೆ ತಂದಿದ್ದಾರೆ.

ಹಾಗಾದರೆ ಇಲ್ಲಿ ಮಣ್ಣು ಯಾವುದು? ಮೊದಲನೆಯದು ಆರಂಭದ ನಡೆಗಳು. ಎಂಜಿನ್‌ಗಳನ್ನು ಪ್ರತಿ ಸಲವೂ ಮೊದಲ ನಡೆಯಿಂದ ಆಡಲು ಬಿಟ್ಟರೆ ಅವು ಹೆಚ್ಚಿನ ವೈವಿಧ್ಯ ತೋರುವುದಿಲ್ಲ. ಅದೇ ಸ್ಥಿತಿಗೆ ಅದೇ ಉತ್ತರ ಕೊಡುವುದು ಅವುಗಳ ಸ್ವಭಾವ. ಸಾವಿರ ಆಟ ಆಡಿಸಿದರೂ ಹತ್ತಾರು ಆಟಗಳನ್ನೇ ತಿರುತಿರುಗಿ ಆಡಿದಂತಾಗಬಹುದು. ಅದಕ್ಕೆ ಪರೀಕ್ಷಕರು ಬೇರೆ ಬೇರೆ ಆರಂಭಗಳ ಕಡತ ಇಟ್ಟುಕೊಳ್ಳುತ್ತಾರೆ. ಬ್ರಿಟಿಷ್ ಗ್ರ್ಯಾಂಡ್‌ಮಾಸ್ಟರ್ ಮತ್ತು ಗಣಿತಜ್ಞ ಜಾನ್ ನನ್ ಇಂಥ ಪರೀಕ್ಷೆಗೆಂದು ಹಿಂದೆ ಹತ್ತು ಸ್ಥಿತಿಗಳನ್ನು ಆರಿಸಿಕೊಟ್ಟಿದ್ದರು. ಇಂದಿನ ಕಡತಗಳಲ್ಲಿ ಸಾವಿರಾರು ಇರುತ್ತವೆ. ಪ್ರತಿ ಆರಂಭವನ್ನೂ ಎರಡು ಸಲ ಆಡಿಸಬೇಕು, ಬಣ್ಣ ಅದಲುಬದಲು ಮಾಡಿ. ಆ ಸ್ಥಿತಿಯಲ್ಲಿ ಬಿಳಿಗೆ ಅನುಕೂಲವಿದ್ದರೆ ಅದರ ಲಾಭ ಇಬ್ಬರಿಗೂ ಒಂದೊಂದು ಸಲ ದಕ್ಕುತ್ತದೆ. ಅನುಭವಿಗಳು ಫಲಿತಾಂಶವನ್ನು ಬಿಡಿ ಆಟಗಳಲ್ಲಿ ಎಣಿಸುವುದೂ ಇಲ್ಲ, ಜೋಡಿಗಳಲ್ಲಿ ಎಣಿಸುತ್ತಾರೆ. ಇಬ್ಬರೂ ಬಿಳಿಯಲ್ಲಿ ಗೆದ್ದರೆ ಆ ಜೋಡಿ ಆರಂಭದ ಗುಣವನ್ನು ಹೇಳಿತು, ಆಟಗಾರರ ಬಗ್ಗೆ ಏನೂ ಹೇಳಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ಬಹಳ ಹಿಡಿಸುವಂಥದ್ದು. ಹಿಂದೆಲ್ಲ ಸಮತೂಕದ ಆರಂಭಗಳನ್ನೇ ಆರಿಸುತ್ತಿದ್ದರು, ಅದೇ ನ್ಯಾಯವೆಂದು ತೋರುತ್ತಿತ್ತು. ಎಂಜಿನ್‌ಗಳ ಬಲ ಏರಿದಂತೆ ಸಮತೂಕದ ಸ್ಥಿತಿಯಿಂದ ಹೊರಟ ಆಟಗಳು ಸಾಲುಸಾಲಾಗಿ ಡ್ರಾ ಆಗತೊಡಗಿದವು. ಎಲ್ಲವೂ ಡ್ರಾ ಆದರೆ ಅಳೆಯುವುದು ಏನನ್ನು? ಈಗ ಬೇಕೆಂದೇ ವಾಲಿದ ಸ್ಥಿತಿಗಳನ್ನು ಕೊಡುತ್ತಾರೆ: ಬಿಳಿ ಗೆಲ್ಲುತ್ತದೋ ಕಪ್ಪು ತಡೆದು ಉಳಿಯುತ್ತದೋ ಎಂಬ ಗಡಿಯ ಮೇಲೆ ನಿಂತವು. ಜರ್ಮನಿಯ ಸ್ಟೆಫಾನ್ ಪೋಲ್ ಸಿದ್ಧಪಡಿಸಿದ ಇಂಥ ಆರಂಭಗಳ ಸಂಗ್ರಹ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಒಂದೊಂದು ಆಟವನ್ನೂ ಅನ್ಯಾಯದಿಂದ ಶುರುಮಾಡಿ, ಬಣ್ಣ ಬದಲಿಸಿ ಜೋಡಿಯಲ್ಲಿ ನ್ಯಾಯ ಒದಗಿಸುವುದು. ಈ ಯೋಚನೆ ಯಾರಿಗೆ ಮೊದಲು ಹೊಳೆಯಿತೋ, ಸೊಗಸಾದ ತಲೆ.

ಮಿಕ್ಕ ಮಣ್ಣು ಕಂಪ್ಯೂಟರಿನದು. ಎರಡೂ ಎಂಜಿನ್ನಿಗೆ ಸಮನಾದ ಮೆಮೊರಿ ಕೊಡಬೇಕು. ಎರಡಕ್ಕೂ ಒಂದೊಂದೇ ಕೋರ್. ಎದುರಾಳಿಯ ಸಮಯದಲ್ಲಿ ಯೋಚಿಸುವ ಸೌಲಭ್ಯವನ್ನು ಆಫ್ ಮಾಡಬೇಕು, ಇಲ್ಲವಾದರೆ ಒಂದೇ ಪ್ರೊಸೆಸರಿಗೆ ಇಬ್ಬರೂ ಜಗ್ಗಾಡುತ್ತಾರೆ. ನಾಲ್ಕು ಕೋರ್ ಇದೆಯೆಂದು ನಾಲ್ಕು ಆಟ ಹಚ್ಚಿ, ಮೇಲಿನಿಂದ ಮನೆಯವರು ಸಿನಿಮಾ ನೋಡಲು ಕೂತರೆ ಆ ಹೊತ್ತಿನ ಆಟಗಳ ಗಡಿಯಾರ ಕೆಟ್ಟಂತೆಯೇ; ಒಂದು ಕೋರನ್ನು ಖಾಲಿ ಬಿಡುವುದು ವಾಡಿಕೆ. ಮಾರ್ಚ್ ಏಪ್ರಿಲ್‌ನ ಬಿಸಿಲಿನಲ್ಲಿ ಪ್ರೊಸೆಸರು ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೂ ಹಾಗೆಯೇ. ಹಳ್ಳಿಯ ಕರೆಂಟನ್ನು ನಂಬಿ ಮೂರು ದಿನದ ಪಂದ್ಯ ಹಚ್ಚುವವರು ಯುಪಿಎಸ್ ಇಟ್ಟುಕೊಳ್ಳುತ್ತಾರೆ, ನಿಂತಲ್ಲಿಂದ ಮುಂದುವರಿಸಬಲ್ಲ ತಂತ್ರಾಂಶವನ್ನೇ ಆರಿಸುತ್ತಾರೆ. ಕರೆಂಟು ಹೋಗಿ ನಡುವೆ ನಿಂತ ಆಟವನ್ನು ಲೆಕ್ಕದಿಂದ ಬಿಡಬಹುದು. ಮುಗಿದ ಆಟವನ್ನು ಮಾತ್ರ, ಫಲಿತಾಂಶ ಎಷ್ಟೇ ವಿಚಿತ್ರವಾಗಿ ಕಂಡರೂ, ಅಳಿಸುವಂತಿಲ್ಲ. ನಮ್ಮ ಮೆಚ್ಚಿನ ಎಂಜಿನ್ ಸೋತ ಆಟಗಳ ಮೇಲಷ್ಟೇ ಅನುಮಾನ ಬರುವುದು ಮನುಷ್ಯ ಸಹಜ. ಆ ಅನುಮಾನಕ್ಕೆ ಮಣಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಆಟ ಯಾವಾಗ ನಿಲ್ಲಿಸಬೇಕು ಎಂಬುದಕ್ಕೂ ನಿಯಮ ಬೇಕು. ಎರಡೂ ಎಂಜಿನ್ ಹತ್ತು ಕಾಲಾಳಿನಷ್ಟು ಅಂತರವಿದೆ ಎಂದು ಒಪ್ಪಿ, ಕೆಲವು ನಡೆಗಳವರೆಗೆ ಹಾಗೇ ಹೇಳುತ್ತಿದ್ದರೆ ಅಲ್ಲಿಗೆ ತೀರ್ಪು ಕೊಟ್ಟು ಸಮಯ ಉಳಿಸುತ್ತಾರೆ. ಅಷ್ಟು ದೊಡ್ಡ ಅಂತರ ಯಾಕೆ? ಇಬ್ಬರ ಬಳಿಯೂ ಒಂದೊಂದು ಒಂಟೆ ಉಳಿದಿದೆ ಎನ್ನಿ, ಒಂದು ಕರಿಮನೆಗಳಲ್ಲಿ ಓಡಾಡುವುದು, ಇನ್ನೊಂದು ಬಿಳಿಮನೆಗಳಲ್ಲಿ. ಒಬ್ಬನಿಗೆ ಎರಡು ಕಾಲಾಳು ಹೆಚ್ಚಿದ್ದರೂ ಇಂಥ ಆಟವನ್ನು ಎಷ್ಟೋ ಸಲ ಗೆಲ್ಲಲಾಗುವುದಿಲ್ಲ, ಕಾಲಾಳಿನ ದಾರಿಯ ಒಂದು ಮನೆಯನ್ನು ಎದುರಾಳಿಯ ಒಂಟೆ ಬಿಗಿಯಾಗಿ ಹಿಡಿದು ಕೂರುತ್ತದೆ. ಹಳೆಯ ಎಂಜಿನ್‌ಗಳು ಇದನ್ನು ತಿಳಿಯದೆ ಪ್ಲಸ್ 2 ಎಂದು ತೋರಿಸುತ್ತ, ರಾಜನನ್ನು ಅತ್ತಿಂದಿತ್ತ ಸರಿಸುತ್ತ, 50 ನಡೆಯ ನಿಯಮದವರೆಗೂ ಹೋಗಿ ಡ್ರಾ ಮಾಡಿಕೊಳ್ಳುತ್ತಿದ್ದವು. ಅವುಗಳ ಆತ್ಮವಿಶ್ವಾಸವನ್ನು ನಂಬಿ ತೀರ್ಪು ಕೊಟ್ಟಿದ್ದರೆ ಆಗದ ಗೆಲುವು ಲೆಕ್ಕಕ್ಕೆ ಸೇರುತ್ತಿತ್ತು. ಕಾಯಿಗಳು ಕರಗಿ ಐದು, ಆರಕ್ಕೆ ಇಳಿದಾಗ ಅನುಮಾನಕ್ಕೇ ಎಡೆಯಿಲ್ಲ: ರಾಜರೂ ಸೇರಿ ಐದು ಕಾಯಿಯವರೆಗಿನ ಸಾಧ್ಯ ಸ್ಥಿತಿಗಳೆಲ್ಲಕ್ಕೂ ಖಚಿತ ಉತ್ತರವಿರುವ ಸಿಜಿಜಿ ಕೋಷ್ಟಕಗಳು ಸುಮಾರು ಒಂದು ಜಿಬಿಯಲ್ಲಿ ಅಡಗುತ್ತವೆ. ಆರು ಕಾಯಿಯದು ಬೇಕೆಂದರೆ 150 ಜಿಬಿ ಹತ್ತಿರ ಜಾಗ ಕೇಳುತ್ತದೆ.

ಈಗ ಅಂಕಿಗಳಿಗೆ ಬರೋಣ. ಬಲವನ್ನು ಹೇಳುವುದು ಅರ್ಪಾದ್ ಎಲೊ ಎಂಬ ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕರು ಮನುಷ್ಯ ಆಟಗಾರರಿಗೆಂದು ರೂಪಿಸಿದ ರೇಟಿಂಗಿನಲ್ಲಿ. 1970ರಲ್ಲಿ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ ಅದನ್ನು ಒಪ್ಪಿಕೊಂಡಿತು. ರೇಟಿಂಗಿನಲ್ಲಿ 200 ಅಂಕ ಮೇಲಿದ್ದವರು ನೂರು ಆಟಕ್ಕೆ 76 ಅಂಕ ಗಳಿಸುತ್ತಾರೆ, 100 ಮೇಲಿದ್ದವರು 64. ಹತ್ತೇ ಅಂಕದ ವ್ಯತ್ಯಾಸವಿದ್ದರೆ ನೂರಕ್ಕೆ 51.4. ಈ ಒಂದೂವರೆ ಅಂಕದ ಎಳೆಯನ್ನು ಅದೃಷ್ಟದ ಗದ್ದಲದಿಂದ ಬಿಡಿಸಿ ತೆಗೆಯಬೇಕು. ಐದರಲ್ಲಿ ಎರಡು ಆಟ ಡ್ರಾ ಆಗುವ ಪಂದ್ಯದಲ್ಲಿ 100 ಆಟದ ಬಳಿಕ ನಮ್ಮ ಅಂದಾಜು 53 ರೇಟಿಂಗ್ ಅಂಕದಷ್ಟು ಆಚೀಚೆ ಇರಬಹುದು. 1,000 ಆಟದ ಬಳಿಕ 17. 10,000 ಆಟದ ಬಳಿಕ ಐದು ಚಿಲ್ಲರೆ. ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಲು ಆಟಗಳನ್ನು ನಾಲ್ಕು ಪಟ್ಟು ಮಾಡಬೇಕು. ಗಣಿತ ಇದರಲ್ಲಿ ರಿಯಾಯಿತಿ ಕೊಡುವುದಿಲ್ಲ. ಮೊದಲು ಹೇಳಿದ 55ಕ್ಕೆ 45ರ ಪಂದ್ಯ 35 ಅಂಕದ ಮುನ್ನಡೆ ತೋರಿಸುತ್ತದೆ, 53 ಆಚೀಚೆ. ಈಗ ಆ ‘ಇನ್ನೂ ಗೊತ್ತಾಗಿಲ್ಲ’ ಎಂಬ ಉತ್ತರ ಎಷ್ಟು ಪ್ರಾಮಾಣಿಕವಾದದ್ದೆಂದು ಕಾಣುತ್ತದೆ.

ಹತ್ತು ಸಾವಿರ ಆಟ ಎಂದರೆ ಗಾಬರಿಯಾಗಬೇಕಿಲ್ಲ. ಒಬ್ಬೊಬ್ಬರಿಗೂ ಇಡೀ ಆಟಕ್ಕೆ 10 ಸೆಕೆಂಡು, ಪ್ರತಿ ನಡೆಗೆ ಸೆಕೆಂಡಿನ ಹತ್ತರಲ್ಲೊಂದು ಭಾಗ ಹೆಚ್ಚುವರಿ ಎಂದು ಕೊಟ್ಟರೆ ಆಟ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಒಟ್ಟಿಗೆ ನಾಲ್ಕು ಆಟ ನಡೆಸಿದರೆ ಹತ್ತು ಸಾವಿರಕ್ಕೆ ಒಂದು ಹಗಲು ಒಂದು ರಾತ್ರಿ. ನಿಧಾನದ ಆಟದಲ್ಲಿ ಬೇರೆಯೇ ಗುಣ ಹೊರಬರುತ್ತದೆ ಎನ್ನುವವರು 40 ನಡೆಗೆ 15 ನಿಮಿಷದಂತೆ ಆಡಿಸುತ್ತಾರೆ. ಸಿಸಿಆರ್‌ಎಲ್ ಎಂಬ ಹವ್ಯಾಸಿಗಳ ಗುಂಪು 2005ರ ಆಸುಪಾಸಿನಿಂದ ಇಂಥ ನಿಧಾನದ ಪಟ್ಟಿಯನ್ನು ಕಾಪಾಡಿಕೊಂಡು ಬಂದಿದೆ. ಆ ಗುಂಪಿನ ಒಬ್ಬೊಬ್ಬರ ಮನೆಯಲ್ಲೂ ಬೇರೆ ಬೇರೆ ಕಂಪ್ಯೂಟರು. ಆದ್ದರಿಂದ ಒಂದು ನಿರ್ದಿಷ್ಟ ಪ್ರೊಸೆಸರನ್ನು ಮಾನದಂಡವಾಗಿ ಇಟ್ಟುಕೊಂಡು, ತಮ್ಮ ಯಂತ್ರ ಅದಕ್ಕಿಂತ ವೇಗದ್ದಾದರೆ ನಿಮಿಷಗಳನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತಾರೆ. ಬೇರೆ ಬೇರೆ ದೇಶಗಳ ಮನೆಗಳಲ್ಲಿ ನಡೆದ ಆಟಗಳು ಹೀಗೆ ಒಂದೇ ತಕ್ಕಡಿಗೆ ಬರುತ್ತವೆ.

ಆದರೂ ಒಂದು ದೊಡ್ಡ ಅಪಾಯ ಉಳಿಯುತ್ತದೆ. ಪರೀಕ್ಷಕ ಪರದೆಯ ಮುಂದೆ ಕೂತಿದ್ದಾನೆ, ಮೆಚ್ಚಿನ ಎಂಜಿನ್ ಮುಂದಿದೆ. ಇಲ್ಲಿಗೆ ನಿಲ್ಲಿಸಿಬಿಡೋಣ ಎನಿಸುತ್ತದೆ. ಹಿಂದೆ ಬಿದ್ದಿದ್ದರೆ ಇನ್ನೂ ಸ್ವಲ್ಪ ನೋಡೋಣ ಎನ್ನುತ್ತಿದ್ದ. ಹೀಗೆ ಬೇಕೆಂದಾಗ ನಿಲ್ಲಿಸುವ ಸ್ವಾತಂತ್ರ್ಯವಿದ್ದರೆ ಎಂಥ ಎಂಜಿನ್ನನ್ನಾದರೂ ಗೆಲ್ಲಿಸಬಹುದು. ಮೊದಲೇ ಇಂತಿಷ್ಟು ಆಟ ಎಂದು ನಿಗದಿ ಮಾಡಿಕೊಂಡರೆ ಮೋಸ ತಪ್ಪುತ್ತದೆ ನಿಜ. ಆದರೆ ಹೊಸ ಬದಲಾವಣೆ ಎಂಜಿನ್ನನ್ನು ಕೆಡಿಸಿದೆ ಎಂದು 800 ಆಟದಲ್ಲೇ ಸ್ಪಷ್ಟವಾದ ಮೇಲೂ 20,000 ಮುಗಿಯುವವರೆಗೆ ಕರೆಂಟು ಸುಡಬೇಕಾಗುತ್ತದೆ.

ಈ ಗಂಟನ್ನು ಬಿಡಿಸಿದವರು ಚದುರಂಗದವರಲ್ಲ. ಎರಡನೆಯ ಮಹಾಯುದ್ಧದ ನಡುವೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರಜ್ಞರ ಒಂದು ತಂಡ ಸೇನೆಗಾಗಿ ಕೆಲಸ ಮಾಡುತ್ತಿತ್ತು. ಮದ್ದುಗುಂಡಿನ ಪರೀಕ್ಷೆಗಳಲ್ಲಿ ಸಾವಿರಾರು ಸುತ್ತು ಹಾರಿಸಬೇಕಿತ್ತು. ಅನುಭವಿ ಅಧಿಕಾರಿಯೊಬ್ಬ ಮೊದಲ ಕೆಲವು ನೂರು ಸುತ್ತಿನಲ್ಲೇ ಫಲಿತಾಂಶ ಗ್ರಹಿಸಬಲ್ಲ, ಅದಕ್ಕೊಂದು ನಿಯಮ ಕೊಡಲಾಗದೇ ಎಂದು ನೌಕಾಪಡೆಯವರು ಕೇಳಿದರು. ಪ್ರಶ್ನೆ ಅಲೆನ್ ವಾಲಿಸ್ ಮತ್ತು ಮಿಲ್ಟನ್ ಫ್ರೀಡ್‌ಮನ್ ಅವರ ಮೂಲಕ ಅಬ್ರಹಾಂ ವಾಲ್ಡ್ ಅವರ ಮುಂದೆ ಬಂತು. ಆಸ್ಟ್ರಿಯಾ-ಹಂಗೇರಿಯಲ್ಲಿ 1902ರಲ್ಲಿ ಹುಟ್ಟಿ, ನಾತ್ಸಿಗಳ ಕಾಲದಲ್ಲಿ ಅಮೆರಿಕ ಸೇರಿದ್ದ ಯಹೂದಿ ಗಣಿತಜ್ಞ. 1943ರಲ್ಲಿ ಅವರು ಕೊಟ್ಟ ಉತ್ತರವನ್ನು ಸೇನೆ ಗುಟ್ಟಾಗಿ ಇಟ್ಟಿತು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದು ಪುಸ್ತಕವಾಯಿತು.

ವಾಲ್ಡ್ ಅವರ ಪರೀಕ್ಷೆಯನ್ನು ಇಂದು ಎಂಜಿನ್ ಕಟ್ಟುವವರೆಲ್ಲ ಎಸ್‌ಪಿಆರ್‌ಟಿ ಎಂದು ಕರೆಯುತ್ತಾರೆ. ಮೊದಲು ಎರಡು ಹೇಳಿಕೆ ಇಟ್ಟುಕೊಳ್ಳಬೇಕು: ಹೊಸ ಬದಲಾವಣೆ ಏನೂ ಬಲ ಕೂಡಿಸಿಲ್ಲ ಎಂಬುದೊಂದು, 5 ಅಂಕದಷ್ಟು ಕೂಡಿಸಿದೆ ಎಂಬುದು ಇನ್ನೊಂದು. ಆಟಗಳು ನಡೆದಂತೆ ಒಂದು ಸಂಖ್ಯೆ ಏರಿಳಿಯುತ್ತದೆ. ಈವರೆಗಿನ ಸಾಕ್ಷ್ಯ ಯಾವ ಹೇಳಿಕೆಯ ಕಡೆ ಎಷ್ಟು ವಾಲಿದೆ ಎಂಬುದರ ಅಳತೆ ಅದು. ತಪ್ಪು ತೀರ್ಪಿನ ಸಾಧ್ಯತೆ ನೂರಕ್ಕೆ ಐದನ್ನು ಮೀರಬಾರದು ಎಂದರೆ ಗಡಿ 2.94. ಪ್ಲಸ್ 2.94 ಮುಟ್ಟಿದರೆ ಒಪ್ಪಿಗೆ, ಮೈನಸ್ 2.94 ಮುಟ್ಟಿದರೆ ತಿರಸ್ಕಾರ, ನಡುವೆ ಇದ್ದರೆ ಇನ್ನೊಂದು ಆಟ. ಪರದೆಯ ಮೇಲೆ ಇಂಥದೊಂದು ಲೆಕ್ಕ ಬಂತೆನ್ನಿ: ಗೆಲುವು 1,212, ಸೋಲು 1,148, ಡ್ರಾ 1,640. ಒಟ್ಟು 4,000 ಆಟ. ಹೊಸದು 64 ಆಟ ಮುಂದಿದೆ. ಅಂದಾಜು ಮುನ್ನಡೆ 5.6 ಅಂಕ, 8.3 ಆಚೀಚೆ. ವಾಲ್ಡ್ ಅವರ ಸಂಖ್ಯೆ ಇನ್ನೂ 0.86ರಲ್ಲಿದೆ. ಆಟ ನಡೆಯಲಿ. ತನಗೆ ಬೇಕಾದಂತೆ ನಿಲ್ಲಿಸುವ ಅಧಿಕಾರವನ್ನು ಪರೀಕ್ಷಕ ಹೀಗೆ ತಾನಾಗಿಯೇ ಗಣಿತಕ್ಕೆ ಒಪ್ಪಿಸಿರುತ್ತಾನೆ.

ವಾಲ್ಡ್ 1950ರ ಕೊನೆಗೆ ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದಿದ್ದರು. ಡಿಸೆಂಬರ್ 13ರಂದು ಅವರು, ಅವರ ಪತ್ನಿ ಪಯಣಿಸುತ್ತಿದ್ದ ವಿಮಾನ ನೀಲಗಿರಿಯ ಬೆಟ್ಟಕ್ಕೆ ಬಡಿದು ಇಬ್ಬರೂ ತೀರಿಕೊಂಡರು. ಬಂಡೀಪುರದ ಕಾಡಿನಾಚೆ ನೀಲಿಯಾಗಿ ನಿಲ್ಲುವ ಅದೇ ನೀಲಗಿರಿ. ವಾಲ್ಡ್ ಅವರಿಗೆ ಆಗ 48 ವರ್ಷ. ನಮ್ಮ ಸೀಮೆಗೆ ಇಷ್ಟು ಹತ್ತಿರದಲ್ಲಿ ಅವರ ಬದುಕು ಮುಗಿದದ್ದು ಈ ಕಡೆಯ ಹೆಚ್ಚಿನವರಿಗೆ ತಿಳಿಯದು, ತಿಳಿಯಬೇಕು ಎಂದೇ ಇಲ್ಲಿ ಬರೆದೆ.

ಅವರ ಪರೀಕ್ಷೆ ಚದುರಂಗದಲ್ಲಿ ಎಷ್ಟು ದೂರ ಬಂದಿದೆ ಎಂಬುದಕ್ಕೆ ಸ್ಟಾಕ್‌ಫಿಶ್ ಸಾಕು. 2008ರಲ್ಲಿ ನಾರ್ವೆ, ಇಟಲಿ, ಫಿನ್ಲೆಂಡಿನ ಮೂವರು ಹವ್ಯಾಸಿಗಳ ಕೈಯಲ್ಲಿ ಶುರುವಾದ ಈ ಎಂಜಿನ್ನಿಗೆ 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ಕಟ್ಟಿಕೊಟ್ಟರು. ಯಾರಾದರೂ ಒಂದು ಸುಧಾರಣೆ ಸೂಚಿಸಿದರೆ ಅದು ಚರ್ಚೆಯಿಂದ ತೀರ್ಮಾನವಾಗುವುದಿಲ್ಲ. ಜಗತ್ತಿನಾದ್ಯಂತ ಸ್ವಯಂಸೇವಕರ ಮನೆಯ ಕಂಪ್ಯೂಟರುಗಳಿಗೆ ಆಟಗಳು ಹಂಚಿಹೋಗುತ್ತವೆ. ಮೊದಲು ಹತ್ತು ಸೆಕೆಂಡಿನ ಆಟದಲ್ಲಿ ಪಾಸಾಗಬೇಕು, ಆಮೇಲೆ ಒಂದು ನಿಮಿಷದ ಆಟದಲ್ಲಿ. ಹೆಚ್ಚಿನ ಸೂಚನೆಗಳು ಬಿದ್ದುಹೋಗುತ್ತವೆ, ಪ್ರಸಿದ್ಧರದ್ದೂ ಹೊಸಬರದ್ದೂ ಒಂದೇ ರೀತಿ. ಉಳಿದವು ಎರಡು ಅಂಕ, ಮೂರು ಅಂಕ ಎಂದು ಸೇರುತ್ತ ಹೋಗುತ್ತವೆ. ಈವರೆಗೆ ನಡೆದಿರುವ ಆಟಗಳು ನೂರಾರು ಕೋಟಿ. ಮಕ್ಕಳ ಮೊಬೈಲಿನಲ್ಲಿ ಕಾಣುವ ಪ್ಲಸ್ 0.8ರ ಬೇರು ಇಲ್ಲಿದೆ.

ಮನೆಯ ಕಂಪ್ಯೂಟರುಗಳು 64 ಮನೆಗಳ ಮೇಲೆ ಮಾಡಿದ ಇನ್ನೊಂದು ಕೆಲಸ ನೇರವಾಗಿ ಮೈಸೂರಿಗೆ ಸೇರಿದ್ದು. 1794ರಿಂದ 1868ರವರೆಗೆ ಬದುಕಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳಲ್ಲಿ ಅಪಾರ ಆಸಕ್ತಿ ಇದ್ದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗವೇ ಅದಕ್ಕೆ ಸಾಕ್ಷಿ. ಕುದುರೆಯನ್ನು ಅದರ ನಡೆಯಲ್ಲೇ ನಡೆಸಿ, ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟುತ್ತ 64 ಮನೆ ಮುಗಿಸುವ ಬಂಧಗಳನ್ನು ಅವರು ರಚಿಸಿದರು. ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲಿನ ಮೊತ್ತ 260 ಬರುವಂಥವೂ ಅವುಗಳಲ್ಲಿವೆ. ಎರಡು ಕರ್ಣಗಳ ಮೊತ್ತವೂ 260 ಬರುವಂತೆ ಮಾಡಲು ಸಾಧ್ಯವೇ? ಆ ಪ್ರಶ್ನೆ ಬಹಳ ಕಾಲ ಉಳಿದಿತ್ತು. ಜೀನ್-ಶಾರ್ಲ್ ಮೆರಿನ್ಯಾಕ್ ಬರೆದ ಪ್ರೋಗ್ರಾಮನ್ನು ಗುಂಟರ್ ಸ್ಟೆರ್ಟೆನ್‌ಬ್ರಿಂಕ್ ಆಸಕ್ತರಿಗೆ ಹಂಚಿ, ಸಾಧ್ಯವಿರುವ ದಾರಿಗಳನ್ನೆಲ್ಲ ತಡಕಿಸಿದರು. 2003ರ ಆಗಸ್ಟ್ 5ರಂದು ಹುಡುಕಾಟ ಮುಗಿಯಿತು. ಸಾಲುಗಳ ಮೊತ್ತ ಕೂಡಿಬರುವ ಬಂಧಗಳು ಒಟ್ಟು 140. ಅವುಗಳಲ್ಲಿ ಒಂದಕ್ಕೂ ಎರಡು ಕರ್ಣಗಳು ಒದಗಿಬರುವುದಿಲ್ಲ. ಒಂದು ಗಿಗಾಹರ್ಟ್ಸ್ ವೇಗದ ಒಂದೇ ಕಂಪ್ಯೂಟರಿಗಾಗಿದ್ದರೆ 138 ದಿನದ ದುಡಿಮೆ. ಅರಮನೆಯಲ್ಲಿ ಕೈಬರಹದಲ್ಲಿ ನಡೆದದ್ದಕ್ಕೂ ಇದಕ್ಕೂ ಉಪಕರಣ ಬೇರೆ, ಹಟ ಒಂದೇ.

ಪರೀಕ್ಷಕರ ಮಾತಿಗೆ ದೊಡ್ಡವರೂ ಕಿವಿಗೊಡಬೇಕಾಗಿ ಬಂದ ಸಂದರ್ಭವೂ ಇದೆ. 2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಜೀರೋ 100 ಆಟದಲ್ಲಿ ಸ್ಟಾಕ್‌ಫಿಶ್ 8ನ್ನು 28 ಸಲ ಸೋಲಿಸಿ, ಉಳಿದ 72 ಡ್ರಾ ಮಾಡಿಕೊಂಡಿತು ಎಂಬ ಸುದ್ದಿ ಬಂತು. ಜಗತ್ತು ಕೊಂಡಾಡಿತು. ಪರೀಕ್ಷಕರು ಮಣ್ಣು ನೋಡಿದರು. ಪ್ರತಿ ನಡೆಗೂ ಕಡ್ಡಾಯ ಒಂದು ನಿಮಿಷ ಏಕೆ, ಸಮಯ ಹಂಚಿಕೊಳ್ಳುವ ಜಾಣ್ಮೆಯೂ ಸ್ಟಾಕ್‌ಫಿಶ್‌ನ ಬಲವಲ್ಲವೇ? 64 ಥ್ರೆಡ್ಡಿಗೆ ಒಂದೇ ಜಿಬಿ ಮೆಮೊರಿ ಸಾಕೇ? ಆರಂಭಗಳು ಎಲ್ಲಿ? 2018ರ ಕೊನೆಗೆ ಸೈನ್ಸ್ ಪತ್ರಿಕೆಯಲ್ಲಿ ಬಂದ ಪೂರ್ಣ ಲೇಖನದಲ್ಲಿ ಪಂದ್ಯ 1,000 ಆಟದ್ದಾಗಿತ್ತು, ಮೂರು ಗಂಟೆಯ ಸಾಮಾನ್ಯ ಗಡಿಯಾರವಿತ್ತು, ಮೆಮೊರಿ ಹೆಚ್ಚಿತ್ತು. ಆಲ್ಫಾಜೀರೋ 155 ಗೆದ್ದು 6 ಸೋತಿತು. ಮೇಲುಗೈ ನಿಜವೇ ಆಗಿತ್ತು, ಈ ಸಲ ಅದಕ್ಕೆ ತಕ್ಕ ಅಳತೆಯೂ ಸಿಕ್ಕಿತು. ಅದೇ ವಿಚಾರವನ್ನು ಹವ್ಯಾಸಿಗಳು ಲೀಲಾ ಎಂಬ ಎಂಜಿನ್ ಆಗಿ, ತಮ್ಮ ಮನೆಯ ಗ್ರಾಫಿಕ್ಸ್ ಕಾರ್ಡುಗಳಲ್ಲೇ ತರಬೇತಿ ಕೊಟ್ಟು ಬೆಳೆಸಿದರು. ಇತ್ತ ಜಪಾನಿನ ಯು ನಾಸು ಶೋಗಿ ಆಟಕ್ಕೆಂದು ರೂಪಿಸಿದ, ಸಾಧಾರಣ ಪ್ರೊಸೆಸರಿನಲ್ಲೇ ಓಡುವ ನರಜಾಲ 2020ರಲ್ಲಿ ಸ್ಟಾಕ್‌ಫಿಶ್ 12ರೊಳಗೆ ಸೇರಿತು. ಅದೂ ಅದೇ ಫಿಶ್‌ಟೆಸ್ಟಿನ ತಕ್ಕಡಿಯಲ್ಲಿ ತೂಗಿಯೇ ಒಳಬಂದದ್ದು.

ಈ ಕಸುಬಿಗೆ ಕೈಹಾಕಬೇಕೆನ್ನುವವರು ಹೊಸ ಎಂಜಿನ್ ತಂದು ಅದನ್ನು ಯಾರ ಮೇಲೋ ಬಿಡುವ ಮೊದಲು ಎರಡು ಪಂದ್ಯ ಆಡಿಸಬೇಕು. ಮೊದಲನೆಯದು ಒಂದೇ ಎಂಜಿನ್ನಿನ ಎರಡು ಪ್ರತಿಗಳ ನಡುವೆ, ಹೆಸರು ಮಾತ್ರ ಬೇರೆ ಇಟ್ಟು. ಕೆಲವು ಸಾವಿರ ಆಟದ ಬಳಿಕ ಫಲಿತಾಂಶ ಸರಿಸುಮಾರು ಅರ್ಧಕ್ಕರ್ಧ ಬರಬೇಕು. ದೋಷದ ಮಿತಿ ಮೀರಿ ಒಂದು ಪ್ರತಿ ಮುಂದಿದ್ದರೆ ಮೆಮೊರಿಯೋ, ಕೋರೋ, ಬಣ್ಣದ ಅದಲುಬದಲೋ, ಎಲ್ಲೋ ಒಂದು ಕಡೆ ಮಣ್ಣು ವಾಲಿದೆ. ಎರಡನೆಯದರಲ್ಲಿ ಒಂದು ಪ್ರತಿಗೆ ಇಮ್ಮಡಿ ಸಮಯ ಕೊಡಬೇಕು. ಅದು ಸ್ಪಷ್ಟವಾಗಿ ಗೆಲ್ಲಬೇಕು; ಗೆಲ್ಲದಿದ್ದರೆ ಗಡಿಯಾರವೇ ಸರಿಯಿಲ್ಲ. ಎರಡರಲ್ಲೂ ನಿರೀಕ್ಷಿಸಿದ್ದೇ ಬಂದ ಮೇಲೆ ನಿಜವಾದ ಪಂದ್ಯಕ್ಕೆ ಎಂಜಿನ್‌ಗಳ ಹೆಸರು, ಆವೃತ್ತಿ, ಮೆಮೊರಿ, ಗಡಿಯಾರ, ಆರಂಭದ ಕಡತ, ಪ್ರೊಸೆಸರಿನ ಹೆಸರು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಆಟ ಹಚ್ಚಬಹುದು.